ರೇಡಿಯನ್ ಕಲಿಯಲು ಒಂದು ದಾರ ಸಾಕು

ಡಿಗ್ರಿಯ ಹಾಗೆ ರೇಡಿಯನ್ ಕೂಡ ಕೋನ ಅಳೆಯುವ ಒಂದು ಮಾನ. ಅದರ ಹೆಸರೆತ್ತಿದ ತಕ್ಷಣ ಹೆಚ್ಚಿನವರು ಡಿಗ್ರಿಗೆ π ಹಾಕಿ ಗುಣಿಸಿ 180ರಿಂದ ಭಾಗಿಸಲು ಶುರು ಮಾಡುತ್ತಾರೆ. ಉತ್ತರವೂ ಸರಿಯಾಗಿ ಬರುತ್ತದೆ. ಆದರೆ ಬಂದ ಸಂಖ್ಯೆ ಏನನ್ನು ಹೇಳುತ್ತಿದೆ ಅಂತ ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಆ ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ದುಂಡನೆಯ ಮುಚ್ಚಳ, ತುಂಡು ದಾರ, ಕಾಗದ, ಕೋನಮಾಪಕ ತೆಗೆದುಕೊಳ್ಳಿ.

ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ. ಆ ಬಿಲ್ಲೆಯನ್ನು ಸರಿಯಾಗಿ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ಬಿಡಿಸಿ. ಮಡಿಕೆಗಳು ಕೂಡುವ ಜಾಗವೇ ಕೇಂದ್ರ. ಅಲ್ಲಿಂದ ಅಂಚಿನವರೆಗೆ ದಾರ ಹಿಡಿದು ಅಷ್ಟೇ ಉದ್ದಕ್ಕೆ ಕತ್ತರಿಸಿ. ಇದು ತ್ರಿಜ್ಯ. ಈಗ ಅದೇ ದಾರವನ್ನು ಬಿಲ್ಲೆಯ ಅಂಚಿನ ಗುಂಟ ಬಾಗಿಸಿ ಇಡಿ. ದಾರದ ಎರಡು ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆದರೆ ನಡುವೆ ಸಿಗುವ ಕೋನವೇ ಒಂದು ರೇಡಿಯನ್. ಅಳೆದು ನೋಡಿ, 57 ಡಿಗ್ರಿಗಿಂತ ಚೂರು ಜಾಸ್ತಿ ಇರುತ್ತದೆ.

ಹಾಗೇ ಅಂಚಿನ ಮೇಲೆ ದಾರವನ್ನು ಮುಂದಕ್ಕೆ ಇಡುತ್ತಾ ಹೋಗಿ. ಆರು ಸಲ ಹಿಡಿಸುತ್ತದೆ, ಆಮೇಲೂ ಒಂದಿಷ್ಟು ಜಾಗ ಉಳಿಯುತ್ತದೆ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ ಉಳಿಯುವುದು ಸುಮಾರು 2.8 ಸೆಂಟಿಮೀಟರ್. ಅಂದರೆ ಪೂರ್ತಿ ಸುತ್ತಿಗೆ 6.28 ದಾರ. ಅದೇ 2π!

ಇಲ್ಲಿ ಒಂದು ಗೊಂದಲ ಆಗುವುದುಂಟು. ಕೈವಾರವನ್ನು ತ್ರಿಜ್ಯದಷ್ಟೇ ಅಗಲಿಸಿ ಅಂಚಿನ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಸಲಕ್ಕೇ ಸುತ್ತು ಮುಗಿಯುತ್ತದೆ. ಹಾಗಾದರೆ 0.28 ಎಲ್ಲಿ ಹೋಯಿತು? ಕೈವಾರ ನೇರವಾಗಿ ಅಡ್ಡದಾರಿಯಲ್ಲಿ ಹಾರುತ್ತದೆ, ದಾರ ಬಳಸಿಕೊಂಡು ಹೋಗುತ್ತದೆ. ಕೈವಾರ ಕೊಡುವುದು 60 ಡಿಗ್ರಿ. ರೇಡಿಯನ್‌ಗೆ ಬೇಕಿರುವುದು ಬಾಗಿದ ದಾರಿ. ಈ ವ್ಯತ್ಯಾಸವನ್ನು ಕೈಯಾರೆ ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಮುಂದಿನ ಅಭ್ಯಾಸ ಸುಲಭ. ಅರ್ಧ ಸುತ್ತು ಅಂದರೆ π. ಕಾಲು ಸುತ್ತು π/2. 30 ಡಿಗ್ರಿ ಅರ್ಧ ಸುತ್ತಿನ ಆರನೇ ಒಂದು ಪಾಲು, ಹಾಗಾಗಿ π/6. ಸುಮ್ನೆ 3.14 ತಂದು ಹಾಕಬೇಡಿ. ಕೊನೆಯ ಸಾಲಿನವರೆಗೂ π ಹಾಗೇ ಇರಲಿ.

ಈಗ ಗಡಿಯಾರ ನೋಡಿ. ನಿಮಿಷದ ಮುಳ್ಳು 12 ಸೆಂಟಿಮೀಟರ್ ಉದ್ದವಿದ್ದರೆ 20 ನಿಮಿಷದಲ್ಲಿ ಅದರ ತುದಿ ಎಷ್ಟು ದೂರ ಹೋಗುತ್ತದೆ? ತಿರುಗಿದ ಕೋನ 2π/3. ಅಂದರೆ ತ್ರಿಜ್ಯದ ಅಷ್ಟು ಪಟ್ಟು ದೂರ. 12 × 2π/3 = 8π, ಸುಮಾರು 25 ಸೆಂಟಿಮೀಟರ್. ಇಲ್ಲೇ ಕೋನವನ್ನು 120 ಡಿಗ್ರಿ ಅಂತ ಹಾಕಿದರೆ 1440 ಸೆಂಟಿಮೀಟರ್ ಬರುತ್ತದೆ. ಗೋಡೆ ಗಡಿಯಾರದ ಮುಳ್ಳು ಹದಿನಾಲ್ಕು ಮೀಟರ್ ನಡೆಯಿತು ಅಂದರೆ ನಂಬುತ್ತೀರಾ?

ಆಮೇಲೆ ಫ್ಯಾನಿಗೆ ಬನ್ನಿ. ನಿಮಿಷಕ್ಕೆ 300 ಸುತ್ತು ಅಂದರೆ ಸೆಕೆಂಡಿಗೆ 5 ಸುತ್ತು. ಒಂದು ಸುತ್ತಿಗೆ 2π, ಹಾಗಾಗಿ ಕೋನೀಯ ವೇಗ, ಅಂದರೆ ಒಂದು ಸೆಕೆಂಡಿನಲ್ಲಿ ತಿರುಗುವ ಕೋನ, 10π ರೇಡಿಯನ್. ರೆಕ್ಕೆಯ ತುದಿ ನಡುವಿನಿಂದ 0.6 ಮೀಟರ್ ದೂರ ಇದ್ದರೆ ಅದರ ವೇಗ 6π, ಅಂದರೆ ಸೆಕೆಂಡಿಗೆ 18.8 ಮೀಟರ್. ಗಂಟೆಗೆ ಹತ್ತಿರ ಹತ್ತಿರ 68 ಕಿಲೋಮೀಟರ್! ಅದೇ ರೆಕ್ಕೆಯ ಮೇಲೆ 0.3 ಮೀಟರ್ ದೂರದ ಬಿಂದುವಿನ ವೇಗ ಇದರ ಅರ್ಧ. ಎರಡೂ ಬಿಂದುಗಳ ಕೋನೀಯ ವೇಗ ಮಾತ್ರ ಒಂದೇ, ಯಾಕೆಂದರೆ ಎರಡೂ ಒಟ್ಟಿಗೇ ಸುತ್ತು ಮುಗಿಸುತ್ತವೆ ಅಲ್ವಾ. ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ಕ್ಯಾಲ್ಕುಲೇಟರ್ ವಿಷಯ ಬೇರೆ. ನಾನೂ ಒಮ್ಮೆ ಇಡೀ ಪುಟ ಲೆಕ್ಕ ಮಾಡಿ ಎಲ್ಲವನ್ನೂ ತಪ್ಪು ಮಾಡಿಕೊಂಡಿದ್ದೆ. ಯಂತ್ರ ರೇಡಿಯನ್‌ನಲ್ಲಿತ್ತು, ನಾನು ಡಿಗ್ರಿ ಒತ್ತುತ್ತಿದ್ದೆ. ಶುರು ಮಾಡುವ ಮೊದಲು ಸೈನ್ 30 ಒತ್ತಿ ನೋಡಿ. 0.5 ಬಂದರೆ ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್‌ನಲ್ಲಿದೆ.

ಅಂದಹಾಗೆ, ರೇಡಿಯನ್ ಎಂಬ ಹೆಸರು ಮೊದಲು ಅಚ್ಚಾಗಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಪ್ರಾಧ್ಯಾಪಕ ಜೇಮ್ಸ್ ಥಾಮ್ಸನ್ ತೆಗೆದ ಪ್ರಶ್ನೆಪತ್ರಿಕೆಯಲ್ಲಿ. ಹುಟ್ಟಿದ್ದೇ ಪರೀಕ್ಷೆಯಲ್ಲಿ ನೋಡಿ!