ಮನೆಯಲ್ಲೇ ಶುಗರ್ ನೋಡಿಕೊಳ್ಳುವುದು ಹೇಗೆ: ಬೆರಳು ಚುಚ್ಚುವ ಮೊದಲು ಕೈ ತೊಳೆಯಿರಿ

ಸಂಕ್ರಾಂತಿಯ ಹಿಂದಿನ ಸಂಜೆ ಮಂಡ್ಯದ ನಮ್ಮ ಮನೆಯಲ್ಲಿ ದೊಡ್ಡವ್ವ ಎಳ್ಳುಬೆಲ್ಲಕ್ಕೆಂದು ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತಿದ್ದರು. ನಡುವೆ ನೆನಪಾಗಿ, ಸೆರಗಿಗೆ ಕೈ ಒರೆಸಿಕೊಂಡು ಬೆರಳು ಚುಚ್ಚಿ ಗ್ಲೂಕೋಮೀಟರ್ ಮಿಷನ್ನಿನಲ್ಲಿ ಶುಗರ್ ನೋಡಿಕೊಂಡರು. 318 ಬಂತು. ಗಾಬರಿಯಾಗಿ ರಾತ್ರಿ ಮುದ್ದೆ ಮುಟ್ಟಲಿಲ್ಲ. ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ ಮಲಗಿದರು. ಬೆಳಗಿನ ಜಾವ ನಾಲ್ಕಕ್ಕೆ ಮೈಯೆಲ್ಲ ಬೆವೆತು ಕೈ ನಡುಗತೊಡಗಿತು. ಆಗ ನೋಡಿದರೆ 58. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಮಿಷನ್ ಎರಡು ಸಲವೂ ತನಗೆ ಸಿಕ್ಕಿದ್ದನ್ನು ಸರಿಯಾಗಿಯೇ ಅಳೆದಿತ್ತು. ಮೊದಲ ಸಲ ರಕ್ತದ ಜೊತೆಗೆ ಬೆರಳ ತುದಿಯ ಬೆಲ್ಲವೂ ಅದಕ್ಕೆ ಸಿಕ್ಕಿತ್ತು.

ಇಂಥ ತಪ್ಪನ್ನು ನಾನು ಆ ಮೇಲೆ ಹಲವು ಮನೆಗಳಲ್ಲಿ ನೋಡಿದ್ದೇನೆ. ಆದ್ದರಿಂದ ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ.

ಮೊದಲು ಸಾಮಗ್ರಿ. ಮಿಷನ್ನಿಗೆ ಸಿಕ್ಕಿಸಿ ರಕ್ತದ ಹನಿ ತಾಗಿಸುವ ಪಟ್ಟಿಯೇ ಸ್ಟ್ರಿಪ್; ಅದರ ಡಬ್ಬಿಯ ಮೇಲಿನ ಅವಧಿ ಮುಗಿದಿರಬಾರದು, ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಬಿಗಿಯಾಗಬೇಕು, ಡಬ್ಬಿಯನ್ನು ಒಲೆಯ ಬಳಿಯಾಗಲಿ ಫ್ರಿಜ್ಜಿನಲ್ಲಾಗಲಿ ಇಡಬಾರದು. ಸೀಲು ಒಡೆದ ಡಬ್ಬಿಯನ್ನು ಅರ್ಧ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಚುಚ್ಚದೆಯೇ ಶುಗರ್ ತೋರಿಸುತ್ತೇವೆಂದು ಮಾರುವ ಕೈಗಡಿಯಾರ ಮತ್ತು ಉಂಗುರಗಳಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಅಂಥವುಗಳನ್ನು ನಂಬಬೇಡಿರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ.

ಎರಡನೆಯದು ಹೊತ್ತು. ಖಾಲಿಹೊಟ್ಟೆ ಎಂದರೆ ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನನ್ನೂ ಸೇವಿಸದೆ ಇರುವುದು. ಸಕ್ಕರೆಯಿಲ್ಲದ ಕಾಫಿಯನ್ನು ಒಂದು ಗುಟುಕು ಕುಡಿದರೂ ಅದು ಖಾಲಿಹೊಟ್ಟೆಯಲ್ಲ. ಊಟವಾದ ಎರಡು ಗಂಟೆಯ ಲೆಕ್ಕ ಕೈ ತೊಳೆದಾಗಿನಿಂದ ಅಲ್ಲ, ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯಿಂದ ಶುರುವಾಗುತ್ತದೆ.

ಮೂರನೆಯದು ಬೆರಳು. ಹೆಚ್ಚಿನವರು ಎಡವುವುದು ಇಲ್ಲೇ. ಸ್ಟ್ರಿಪ್ಪಿಗೆ ಬೇಕಾದ ರಕ್ತ ಒಂದು ಮೈಕ್ರೋಲೀಟರ್ ಅಥವಾ ಅದಕ್ಕೂ ಕಡಿಮೆ, ಎಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಹನಿಗೆ ಕಣ್ಣಿಗೆ ಕಾಣದಷ್ಟು ಬೆಲ್ಲ, ಬಾಳೆಹಣ್ಣಿನ ಅಂಟು ಅಥವಾ ಮಾವಿನ ರಸ ಸೇರಿದರೂ ಅಂಕಿ ಎಲ್ಲಿಂದೆಲ್ಲಿಗೋ ಹಾರುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿಕೊಂಡರೆ ಸಾಕೆಂದು ಅನೇಕರು ತಿಳಿದಿದ್ದಾರೆ, ಸಾಲದು. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್‌ನಲ್ಲಿ ಒರೆಸಿದರೂ ಸಕ್ಕರೆಯ ಅಂಶ ಉಳಿಯುತ್ತದೆ, ಹರಿಯುವ ನೀರಿನಲ್ಲಿ ತೊಳೆದಾಗ ಮಾತ್ರ ಹೋಗುತ್ತದೆ. ಆದ್ದರಿಂದ ಸೋಪು ಹಚ್ಚಿ, ಸಾಧ್ಯವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಕೈ ತೊಳೆಯಿರಿ. ಬೆಚ್ಚಗಿನ ನೀರಿಗೆ ಬೆರಳಿನ ರಕ್ತ ಸಂಚಾರವೂ ಹೆಚ್ಚುತ್ತದೆ. ಬಳಿಕ ಶುಭ್ರವಾದ ಟವೆಲಿನಿಂದ ಪೂರ್ತಿ ಒರೆಸಿಕೊಳ್ಳಿ. ಬೆರಳಲ್ಲಿ ತೇವ ಉಳಿದರೆ ರಕ್ತ ನೀರಾಗಿ, ಅಂಕಿ ಸುಳ್ಳಾಗಿ ಇಳಿಯುತ್ತದೆ.

ಈಗ ಆ ಕೈಯನ್ನು ಅರ್ಧ ನಿಮಿಷ ಕೆಳಗೆ ಇಳಿಬಿಡಿ. ಮಧ್ಯದ ಬೆರಳು ಅಥವಾ ಉಂಗುರದ ಬೆರಳನ್ನು ಆರಿಸಿಕೊಂಡು, ತುದಿಯ ನಡುಮಧ್ಯದಲ್ಲಿ ಅಲ್ಲ, ಪಕ್ಕದಲ್ಲಿ ಚುಚ್ಚಿ. ನಡುವೆ ನರದ ತುದಿಗಳು ಹೆಚ್ಚು, ನೋವೂ ಹೆಚ್ಚು; ಮರುದಿನ ಪಾತ್ರೆ ತಿಕ್ಕುವಾಗ ಆ ಜಾಗವೇ ಉರಿಯುತ್ತದೆ. ಚುಚ್ಚುವ ಪೆನ್ನಿನ ಆಳವನ್ನು ಕಡಿಮೆ ಅಂಕಿಯಿಂದ ಆರಂಭಿಸಿ, ರಕ್ತ ಬರದಿದ್ದರೆ ಒಂದೊಂದೇ ಹೆಚ್ಚಿಸಿ. ಹನಿ ಬರಲಿಲ್ಲವೆಂದು ತುದಿಯನ್ನು ನಿಂಬೆಹಣ್ಣಿನಂತೆ ಹಿಂಡಬಾರದು. ಹಿಂಡಿದರೆ ರಕ್ತದ ಜೊತೆ ಚರ್ಮದಡಿಯ ಅಂಗಾಂಶದ ನೀರೂ ಬರುತ್ತದೆ. ಅಂಗೈಯಿಂದ ತುದಿಯ ಕಡೆಗೆ ಮೆಲ್ಲಗೆ ನೀವಿ ತನ್ನಿ. ಹನಿ ಸಾಸಿವೆಯಷ್ಟು ಗುಂಡಗೆ ನಿಂತಾಗ ಸ್ಟ್ರಿಪ್ಪಿನ ಅಂಚನ್ನು ಅದಕ್ಕೆ ತಾಗಿಸಿದರೆ ತಾನೇ ಹೀರಿಕೊಳ್ಳುತ್ತದೆ. ಮೇಲಿನಿಂದ ಬಳಿಯಬಾರದು, ಸಾಲದೆಂದು ಆಮೇಲೆ ಇನ್ನೊಂದು ಹನಿ ಸೇರಿಸಬಾರದು. ಹೊಲದಲ್ಲೋ ಬಸ್ಸಿನಲ್ಲೋ ಕೈ ತೊಳೆಯಲು ಆಗದಿದ್ದರೆ ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಬಳಸಿ. ಒಬ್ಬರ ಸೂಜಿಯನ್ನಾಗಲಿ ಚುಚ್ಚುವ ಪೆನ್ನನ್ನಾಗಲಿ ಮತ್ತೊಬ್ಬರು, ಗಂಡ ಹೆಂಡತಿಯೇ ಆಗಿರಲಿ, ಬಳಸಲೇಬಾರದು. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ಬರಿದೇ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತವೆ.

ನಾಲ್ಕನೆಯದು ಅಂಕಿಯನ್ನು ಓದುವುದು. ಸಾಮಾನ್ಯವಾಗಿ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಎರಡು ಗಂಟೆಯ ನಂತರ 180ಕ್ಕಿಂತ ಕಡಿಮೆ ಎಂಬುದು ಗುರಿ. ವಯಸ್ಸಾದವರಿಗೂ ಗರ್ಭಿಣಿಯರಿಗೂ ವೈದ್ಯರು ಬೇರೆ ಗುರಿ ಕೊಡುತ್ತಾರೆ. ಒಳ್ಳೆಯ ಮಿಷನ್ನಿಗೂ ಶೇಕಡಾ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ನಿಜದಲ್ಲಿ 200 ಇದ್ದುದು 170 ಎಂದೋ 230 ಎಂದೋ ತೋರಬಹುದು, ಹಾಗಾಗಿ 10-20ರ ಏರಿಳಿತಕ್ಕೆ ಎದೆಗುಂದಬೇಡಿ. ಅನಿರೀಕ್ಷಿತ ಅಂಕಿ ಬಂದರೆ ಊಟ ಬಿಡುವುದಲ್ಲ, ಕೈ ತೊಳೆದು ಇನ್ನೊಮ್ಮೆ ನೋಡುವುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಎರಡು ಸಲ ತೊಳೆದು ನೋಡಿದರೂ 300 ದಾಟಿ, ಬಾಯಾರಿಕೆ, ವಾಂತಿ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಮುದ್ದೆಯ ಮಾತೂ ಇಲ್ಲೇ ಬರಬೇಕು. ಶುಗರ್ ಇದ್ದವರು ಮುದ್ದೆ ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರಿನಂಶವೂ ಕ್ಯಾಲ್ಸಿಯಮ್ಮೂ ಚೆನ್ನಾಗಿವೆ, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೂ ಇದೆ, ಅದು ಮೈಯಲ್ಲಿ ಸಕ್ಕರೆಯಾಗುತ್ತದೆ. ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ನೋಡಿ. ಒಂದು ದಿನ ದೊಡ್ಡ ಮುದ್ದೆ, ಇನ್ನೊಂದು ದಿನ ಅದರ ಅರ್ಧದ ಜೊತೆ ಸೊಪ್ಪಿನ ಬಸ್ಸಾರು, ಹೆಚ್ಚು ಪಲ್ಯ. ನಿಮ್ಮ ಮೈಗೆ ಯಾವ ಗಾತ್ರ ಒಗ್ಗುತ್ತದೆಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ.

ಐದನೆಯದು ಪುಸ್ತಕ. ಅಂಕಿಯ ಪಕ್ಕದಲ್ಲಿ ಏನು ಉಂಡಿರಿ, ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು ಎಂದು ಒಂದೊಂದು ಪದ ಬರೆಯಿರಿ. ಜ್ವರ, ನಿದ್ದೆಗೇಡು, ದುಃಖ, ಜಗಳ ಇವುಗಳಿಂದಲೂ ಶುಗರ್ ಏರುತ್ತದೆ, ಏಕೆಂದರೆ ಆಗ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸಕ್ಕರೆಯನ್ನು ಬಿಡಿಸುತ್ತವೆ. ಮನೆಯವರಿಗೆ ನನ್ನ ಬಿನ್ನಹವೇನೆಂದರೆ, ಅಂಕಿ ಕೇಳಿದ ಕೂಡಲೇ "ಏನು ತಿಂದೆ?" ಎಂದು ಗದರಬೇಡಿ. ನಾವು ಹಾಗೆ ಗದರುತ್ತಿದ್ದ ದಿನಗಳಲ್ಲಿ ದೊಡ್ಡವ್ವ ಹೆಚ್ಚು ಬಂದ ಅಂಕಿಗಳನ್ನು ಬರೆಯುವುದನ್ನೇ ಬಿಟ್ಟಿದ್ದರು. ಪುಟದ ತುಂಬ 120, 125 ಎಂದಷ್ಟೇ ಇತ್ತು. ಬೇಸರ, ಕಳವಳ ವಾರಗಟ್ಟಲೆ ಹೋಗದಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಗದರುವುದನ್ನು ಬಿಟ್ಟ ಮೇಲೆ ದೊಡ್ಡವ್ವ ತಮ್ಮ ಗುಂಡನೆಯ ಅಕ್ಷರದಲ್ಲಿ ಎಲ್ಲವನ್ನೂ ಬರೆಯತೊಡಗಿದರು: "ರಾತ್ರಿ ಊಟ ಸೇರಲಿಲ್ಲ, ಬೆಳಿಗ್ಗೆ 72." ಅಂಥ ಸಾಲುಗಳು ಒಂದೇ ತಿಂಗಳಲ್ಲಿ ನಾಲ್ಕು ಸಿಕ್ಕವು. ಅವನ್ನು ಓದಿದ ವೈದ್ಯರು ರಾತ್ರಿಯ ಮಾತ್ರೆಯ ಪ್ರಮಾಣವನ್ನು ಇಳಿಸಿದರು.