ಕೈಕಾಲು ಹಿಡ್ಕೊಳ್ಳಿ ಅನ್ನೋದನ್ನ ಬಿಟ್ಟ ಮೇಲೆ

"ಮೇಡಂ, ನಾನು ಕಾಲು ಹಿಡ್ಕೋತೀನಿ, ಇವರಮ್ಮ ಕೈ ಹಿಡ್ಕೋತಾಳೆ. ನೀವು ಕಿತ್ತು ಬಿಸಾಕಿ."

ಹಾಸನದಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ ಇಟ್ಟು ಹದಿನೈದು ವರ್ಷ ಆಯ್ತು. ಈ ಮಾತು ವಾರಕ್ಕೊಂದು ಸಲವಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಕೆಟ್ಟವರಲ್ಲ. ಅರಕಲಗೂಡಿನಿಂದಲೋ ಬೇಲೂರಿನಿಂದಲೋ ಬೆಳಗಿನ ಬಸ್ಸು ಹಿಡಿದು ಬಂದಿರುತ್ತಾರೆ. ಒಂದು ದಿನದ ಕೂಲಿ ಹೋಗಿರುತ್ತದೆ. ಮಗು ಎರಡು ರಾತ್ರಿ ಮಲಗಿರುವುದಿಲ್ಲ, ಇವರೂ ಮಲಗಿರುವುದಿಲ್ಲ. ಇವತ್ತೇ ಮುಗಿದುಬಿಡಲಿ ಅನ್ನಿಸುವುದು ಸಹಜ ಅಲ್ವಾ. ಮೊದಲ ಏಳೆಂಟು ವರ್ಷ ನಾನೂ "ಸರಿ, ಗಟ್ಟಿಯಾಗಿ ಹಿಡ್ಕೊಳ್ಳಿ" ಅನ್ನುತ್ತಿದ್ದೆ.

ನಾವು ಕಲಿತದ್ದೂ ಹಾಗೇ. ಜೋರಾಗಿ ಅಳುವ ಮಗುವಿನ ಬಾಯಿಗೆ ಅಡ್ಡವಾಗಿ ಕೈ ಇಟ್ಟು, ಕಿವಿಯ ಹತ್ತಿರ ಬಗ್ಗಿ, "ಸುಮ್ಮನಾದರೆ ಕೈ ತೆಗೀತೀನಿ" ಅನ್ನುವುದು ನಮ್ಮ ಪಠ್ಯದಲ್ಲಿ ಒಂದು ವಿಧಾನವಾಗಿತ್ತು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ 2006ರಲ್ಲಿ ಅದನ್ನು ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. ಅದಾದ ಮೇಲೂ ನಾವು ಪರೀಕ್ಷೆಯಲ್ಲಿ ಅದನ್ನು ಬರೆದು ಮಾರ್ಕ್ಸ್ ತಗೊಂಡೆವು. ಪಪೂಸ್ ಬೋರ್ಡ್ ಅಂತ ಇನ್ನೊಂದಿದೆ. ಹಲಗೆಗೆ ಬಟ್ಟೆಯ ಪಟ್ಟಿಗಳು, ಪಟ್ಟಿಗೆ ವೆಲ್ಕ್ರೋ. ಮಗುವನ್ನು ಮಲಗಿಸಿ ಪೊಟ್ಟಣ ಕಟ್ಟಿದ ಹಾಗೆ ಕಟ್ಟುವುದು. ನಾನು ಅದನ್ನು ಕೊಳ್ಳಲಿಲ್ಲ. ಅಪ್ಪ, ಅಮ್ಮ, ಮಾವ, ನಮ್ಮ ಅಸಿಸ್ಟೆಂಟ್ ನಾಲ್ಕು ಜನ ಇರುವಾಗ ಹಲಗೆ ಯಾಕೆ?

ಕ್ಲಿನಿಕ್ ಶುರು ಮಾಡಿದ ವರ್ಷ ಐದು ವರ್ಷದ ಒಬ್ಬ ಹುಡುಗ ಬಂದಿದ್ದ. ಕೆಳಗಿನ ಎಡಗಡೆ ಹಾಲು ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ನಾಲ್ಕು ಜನ ಹಿಡಿದರು. ಸೂಜಿ ಹಾಕಿದೆ, ಬಾಯಿ ಮುಚ್ಚದ ಹಾಗೆ ಪ್ರಾಪ್ ಇಟ್ಟೆ, ಹಲ್ಲು ಕಿತ್ತೆ. ನಾಲ್ಕು ನಿಮಿಷವೂ ಆಗಿರಲಿಲ್ಲ. ಅಪ್ಪನಿಗೆ ಖುಷಿ, ನನಗೂ ಖುಷಿ. ಕುರ್ಚಿ ಒರೆಸಲು ಹೋದಾಗ ಸೀಟು ಒದ್ದೆಯಾಗಿತ್ತು. ಅವರಮ್ಮ ಏನೂ ಹೇಳದೆ ಸೆರಗು ಅಡ್ಡ ಹಿಡಿದು ಅವನನ್ನು ಎತ್ತಿಕೊಂಡರು. ಗ್ಲೌಸ್ ಊದಿ ಕೋಳಿ ಮಾಡಿ ಕೊಟ್ಟೆ. ತಗೊಳ್ಳಲಿಲ್ಲ.

ಏಳು ವರ್ಷ ಬಿಟ್ಟು ಅವನೇ ಮತ್ತೆ ಬಂದ. ಈಗ ಹನ್ನೆರಡು ವರ್ಷ, ನನ್ನ ಭುಜದ ಎತ್ತರ. ದವಡೆ ನಿಂಬೆಹಣ್ಣಿನಷ್ಟು ಊದಿತ್ತು. ಆರು ವರ್ಷಕ್ಕೆ ಬರುವ ಶಾಶ್ವತ ದವಡೆ ಹಲ್ಲು, ಜೀವನಪೂರ್ತಿ ಇರಬೇಕಾದದ್ದು, ಅದು ಕೊಳೆತಿತ್ತು. ಒಂದು ವರ್ಷದಿಂದ ಒಂದೇ ಕಡೆ ಅಗಿಯುತ್ತಿದ್ದನಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇಲ್ಲಿಗೆ ಕರ್ಕೊಂಡು ಬರ್ತಾರಲ್ಲ! ಅಡುಗೆಮನೆ ಡಬ್ಬಿಯ ಲವಂಗ ಕಳ್ಳತನದಲ್ಲಿ ಕಚ್ಚಿಕೊಂಡು ದಿನ ತಳ್ಳಿದ್ದ.

"ಈಗ ಹಿಡಿಯೋಕಾಗಲ್ಲ ಮೇಡಂ, ನನಗಿಂತ ಗಟ್ಟಿ ಇದಾನೆ" ಅಂದರು ಅಪ್ಪ, ಅರ್ಧ ನಗುತ್ತಾ.

ಹುಡುಗ ಕುರ್ಚಿಗೆ ಬರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ನಾನೂ ಹೋಗಿ ಎದುರಿಗೆ ಕೂತೆ. "ಅವತ್ತು ತುಂಬಾ ಹೆದರಿದ್ದೆ ಅಲ್ವೇನೋ" ಅಂದೆ. ಅವನು ನೆಲ ನೋಡಿಕೊಂಡು ಹೇಳಿದ: "ಹೆದರಿಕೆ ಅಲ್ಲ ಆಂಟಿ. ಜೋಮು ಬಂದಿರಲಿಲ್ಲ. ಹೇಳ್ದೆ ನಾನು. ನೀವು ಕೇಳಿಸ್ಕೊಳ್ಳಲಿಲ್ಲ."

ಅವನು ಹೇಳಿದ್ದು ನಿಜವೇ ಇರಬೇಕು. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ. ಅಲ್ಲಿ ಜೋಮಿನ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ನಲ್ಲಿ ಓದಿ ಬರೆದದ್ದು. ಆದರೆ ನಾಲ್ಕು ಜನ ಅದುಮಿ ಹಿಡಿದ ಮಗು ಕಿರುಚಿದರೆ ಅದು ಭಯಕ್ಕೋ ನೋವಿಗೋ ಹೇಗೆ ಗೊತ್ತಾಗಬೇಕು? ಎರಡೂ ಒಂದೇ ಥರ ಕೇಳುತ್ತದೆ. ಭಯ ಅಂದುಕೊಂಡರೆ ನಮಗೆ ಸಲೀಸು, ಕೆಲಸ ಮುಂದುವರಿಸಬಹುದು. ನಾನು ಹಿಡಿಸುವುದನ್ನು ಬಿಟ್ಟಿದ್ದು ಕರುಣೆಯಿಂದ ಅಂತ ಯಾರಾದರೂ ಅಂದರೆ ಮುಜುಗರವಾಗುತ್ತದೆ. ಹಿಡಿದಾಗ ನನಗೆ ಬೇಕಾದ ಮಾಹಿತಿಯೇ ಸಿಗುವುದಿಲ್ಲ. ಬಿಟ್ಟಿದ್ದು ಅದಕ್ಕೆ.

ಈಗ ಮೊದಲ ಭೇಟಿಯಲ್ಲಿ, ತುರ್ತು ಇಲ್ಲದಿದ್ದರೆ, ನಾನು ಏನೂ ಮಾಡುವುದಿಲ್ಲ. ಹಲ್ಲು ಎಣಿಸುತ್ತೇನೆ, ಅಷ್ಟೇ. ಹಾಲು ಹಲ್ಲು ಇಪ್ಪತ್ತು. ಬೇಕಂತಲೇ ತಪ್ಪು ಎಣಿಸಿದರೆ ದೊಡ್ಡ ಮಕ್ಕಳು ತಿದ್ದುತ್ತಾರೆ, ಅಲ್ಲಿಗೆ ಬಾಯಿ ತೆರೆದ ಹಾಗಾಯ್ತು. ಮೂರು ವರ್ಷದ ಒಳಗಿನವರಿಗೆ ಕುರ್ಚಿಯೇ ಬೇಡ. ಅಮ್ಮನೂ ನಾನೂ ಮಂಡಿಗೆ ಮಂಡಿ ತಾಗಿಸಿ ಎದುರು ಬದುರು ಕೂರುತ್ತೇವೆ. ಮಗು ಅಮ್ಮನ ಕಡೆ ಮುಖ ಮಾಡಿ ತೊಡೆ ಮೇಲೆ ಕೂತು, ಹಾಗೇ ಹಿಂದಕ್ಕೆ ಬಾಗಿ ನನ್ನ ತೊಡೆ ಮೇಲೆ ತಲೆ ಇಡುತ್ತದೆ. ಅದರ ಕೈ ಅಮ್ಮನ ಕೈಯಲ್ಲಿರುತ್ತದೆ. ಇದೂ ಹಿಡಿಯುವುದೇ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಮಗುವಿಗೆ ಅಮ್ಮನ ಮುಖ ಕಾಣುತ್ತಿರುತ್ತದೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಹೇಳು, ತೋರಿಸು, ಆಮೇಲೆ ಮಾಡು ಅನ್ನುವ ಕ್ರಮ 1959ರಷ್ಟು ಹಳೆಯದು. ಹಳೆಯದಾದರೂ ಇವತ್ತಿಗೂ ಅದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಉಗುಳು ಎಳೆಯುವ ಪೈಪನ್ನು ಮೊದಲು ಲೋಟದ ನೀರಿಗೆ ಇಡುತ್ತೇನೆ, ಸೊರ್ರ್ ಅಂತ ಕುಡಿಯುತ್ತದೆ. ಆಮೇಲೆ ಮಗುವಿನ ಅಂಗೈಗೆ. ಕೊನೆಗೆ ಬಾಯಿಗೆ. ಜುಯ್ ಅನ್ನುವ ಮೆಷಿನ್ನನ್ನು ಮೊದಲು ದೂರದಲ್ಲಿ ಓಡಿಸಿ ಶಬ್ದ ಕೇಳಿಸುತ್ತೇನೆ. ಶಬ್ದವೇ ಅರ್ಧ ಭಯ.

ಕೈ ಎತ್ತಿದರೆ ನಿಲ್ಲಿಸುತ್ತೇನೆ ಅಂತ ಹೇಳುತ್ತೇನೆ, ನಿಲ್ಲಿಸುತ್ತೇನೆ. ಮಕ್ಕಳು ಇದನ್ನು ಪರೀಕ್ಷೆ ಮಾಡದೆ ಬಿಡುವುದಿಲ್ಲ. ಮೊದಲ ಎರಡು ಮೂರು ಸಲ ಸುಮ್ನೆ ಕೈ ಎತ್ತುತ್ತವೆ. ಆಗಲೂ ನಿಲ್ಲಿಸಬೇಕು. "ಇನ್ನೊಂದೇ ನಿಮಿಷ ಪುಟ್ಟಾ" ಅಂದುಬಿಟ್ಟರೆ ಆಟ ಮುಗೀತು.

ಸೂಜಿ ವಿಷಯಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ವಸಡನ್ನು ಗಾಜ್ ಬಟ್ಟೆಯಿಂದ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಎರಡು ನಿಮಿಷ ಕಾಯುವುದು. ಒದ್ದೆ ವಸಡಿಗೆ ಹಚ್ಚಿದರೆ ಜೆಲ್ ಉಗುಳಿನ ಜೊತೆ ಗಂಟಲಿಗೆ ಹೋಗುತ್ತದೆ, ಕಹಿ ಬೇರೆ. ಎಡಗೈಯಲ್ಲಿ ಕೆನ್ನೆ ಹಿಡಿದು ಸಣ್ಣಗೆ ಅಲ್ಲಾಡಿಸುತ್ತಾ ಚುಚ್ಚುತ್ತೇನೆ, ಅಲ್ಲಾಡುವುದರಲ್ಲಿ ಚುಚ್ಚಿದ್ದು ಅಷ್ಟು ತಿಳಿಯುವುದಿಲ್ಲ. ಔಷಧಿ ನಿಧಾನ, ಒಂದು ಎಂಎಲ್‌ಗೆ ಒಂದು ನಿಮಿಷ. ಬೇಗ ಒತ್ತಿದರೆ ಸೂಜಿಗಿಂತ ಔಷಧಿಯೇ ನೋಯಿಸುತ್ತದೆ. "ನೋವೇ ಆಗಲ್ಲ" ಅನ್ನುವುದಿಲ್ಲ. "ಇರುವೆ ಕಚ್ಚಿದ ಹಾಗಾಗುತ್ತೆ, ಹತ್ತು ಎಣಿಸು" ಅನ್ನುತ್ತೇನೆ. ಆಮೇಲೆ ಎರಡೂ ಕಡೆ ತುಟಿ ಮುಟ್ಟಿಸಿ "ಈ ಕಡೆ ದಪ್ಪ ಅನ್ನಿಸ್ತಾ?" ಅಂತ ಕೇಳುತ್ತೇನೆ. ಇಲ್ಲ ಅಂದರೆ ಇಲ್ಲ.

ಇಷ್ಟೆಲ್ಲ ಮಾಡಿಕೊಂಡಿರುವಾಗ ಹೊರಗಿನ ಬೆಂಚಿನಿಂದ ಅಜ್ಜಿಯ ದನಿ ಬರುತ್ತದೆ: "ಹಠ ಮಾಡಿದ್ರೆ ಆಂಟಿ ದೊಡ್ಡ ಸೂಜಿ ಚುಚ್ತಾರೆ ನೋಡು!" ಅರ್ಧ ಗಂಟೆಯ ಕೆಲಸ ನೀರಿಗೆ. ಈಗ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಡುತ್ತೇವೆ, ಮನೆಯಲ್ಲಿ ನನ್ನ ಹೆಸರಲ್ಲಿ ಹೆದರಿಸಬೇಡಿ ಅಂತ.

ಕೊರೆಯದೆ ಆಗುವ ಕೆಲಸವೂ ಈಗ ಎಷ್ಟೋ ಇದೆ. ಸಿಲ್ವರ್ ಡಯಮೈನ್ ಫ್ಲೋರೈಡ್ ಅನ್ನುವ ದ್ರವವನ್ನು ಒಂದು ಹನಿ ಹುಳುಕಿಗೆ ಹಚ್ಚಿದರೆ ಹೆಚ್ಚಿನ ಹಲ್ಲುಗಳಲ್ಲಿ ಹುಳುಕು ಅಲ್ಲೇ ನಿಲ್ಲುತ್ತದೆ. ಜಪಾನಿನವರು ಇದನ್ನು 1970ರ ಸುಮಾರಿನಿಂದಲೂ ಬಳಸುತ್ತಿದ್ದಾರೆ. ಸೂಜಿ ಇಲ್ಲ, ಮೆಷಿನ್ ಇಲ್ಲ. ಒಂದೇ ತೊಂದರೆ, ಹುಳುಕು ಕಪ್ಪಗಾಗುತ್ತದೆ. "ಹಲ್ಲಿಗೆ ಕಾಡಿಗೆ ಹಚ್ಚಿ ಕಳಿಸಿದೀರಲ್ಲ ಡಾಕ್ಟ್ರೇ" ಅಂತ ಒಬ್ಬರು ಅಜ್ಜಿ ಜಗಳಕ್ಕೇ ಬಂದಿದ್ದರು. ಹಾಗಾಗಿ ಮೊದಲೇ ಫೋಟೋ ತೋರಿಸಿ ಒಪ್ಪಿಗೆ ತಗೊಳ್ಳುತ್ತೇನೆ. ಹಿಂದಿನ ಹಲ್ಲಿಗಾದರೆ ಸ್ಕಾಟ್ಲೆಂಡಿನ ನೋರ್ನಾ ಹಾಲ್ ಅನ್ನುವ ದಂತವೈದ್ಯೆಯ ದಾರಿ ಇದೆ. ಹುಳುಕನ್ನು ಕೊರೆಯದೆ, ಮೇಲಿಂದ ಸ್ಟೀಲಿನ ಕ್ಯಾಪನ್ನು ಸಿಮೆಂಟ್ ಹಾಕಿ ಕೂರಿಸುವುದು. ಮಗುವೇ ಕಚ್ಚಿ ಕೂರಿಸುತ್ತದೆ. ಕೆಲವು ದಿನ ಹಲ್ಲು ಎತ್ತರ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಕೀವು ಆಗಿರುವ ಹಲ್ಲಿಗೆ ಇದು ಬರುವುದಿಲ್ಲ.

ಹಾಗಂತ ನಾನು ಹಿಡಿಯುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಎರಡು ವರ್ಷದ ಮಗುವೊಂದು ಜಗಲಿಯಿಂದ ಬಿದ್ದು ಬಂತು. ಮುಂದಿನ ಹಲ್ಲು ಚರ್ಮದಲ್ಲಿ ನೇತಾಡುತ್ತಿತ್ತು. ಉಸಿರಿನ ಜೊತೆ ಒಳಗೆ ಎಳೆದುಕೊಂಡರೆ ಗತಿಯೇನು? ಅಮ್ಮನ ಸೆರಗಲ್ಲೇ ಸುತ್ತಿ, ಎದೆ ಒತ್ತದ ಹಾಗೆ ಹಿಡಿಸಿ ತೆಗೆದೆ. ಯಾಕೆ ಹಿಡಿದೆವು, ಯಾರು, ಎಷ್ಟು ಹೊತ್ತು ಅಂತ ಕೇಸ್ ಪೇಪರಿನಲ್ಲಿ ಬರೆದೆ.

ಸೆರೆಬ್ರಲ್ ಪಾಲ್ಸಿ ಇರುವ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಕೈಗಳು ಅವಳ ಮಾತು ಕೇಳುವುದಿಲ್ಲ, ತಟ್ಟನೆ ಹಾರುತ್ತವೆ. ದುಪ್ಪಟಿ ಸುತ್ತುವ ಉಪಾಯ ಅವರಮ್ಮನದು. ಸುತ್ತಿದರೆ ಅವಳು ಹಗುರವಾಗುತ್ತಾಳೆ, ಮೈ ಸಡಿಲ ಬಿಡುತ್ತಾಳೆ. ಸುತ್ತಲಾ ಅಂತ ಮೊದಲು ಕೇಳುತ್ತೇವೆ, ಕಣ್ಣು ಮೇಲೆ ಮಾಡಿದರೆ ಹೂಂ. ಒಮ್ಮೆ ಮಾಡಲಿಲ್ಲ. ಆ ದಿನ ವಾಪಸ್ ಕಳಿಸಿದೆವು.

ಹತ್ತು ಹನ್ನೆರಡು ಹಲ್ಲು ಹಾಳಾಗಿರುವ, ಮಾತಿಗೆ ಸಿಗದಷ್ಟು ಚಿಕ್ಕ ಮಕ್ಕಳನ್ನು ಅರಿವಳಿಕೆ ಡಾಕ್ಟರ್ ಇರುವ ಆಸ್ಪತ್ರೆಗೆ ಕಳಿಸಿ, ಪೂರ್ತಿ ಮಲಗಿಸಿ ಒಂದೇ ಸಲ ಮಾಡಿಸುವುದು ವಾಸಿ. ಭಯ ತಗ್ಗಿಸುವ ನಗೆ ಅನಿಲವೂ ಒಳ್ಳೆಯದೇ. ಆದರೆ ಮಗು ಮೂಗಿನಲ್ಲಿ ಎಳೆದುಕೊಳ್ಳಬೇಕು. ಬಾಯಿಬಿಟ್ಟು ಅಳುವವರಿಗೆ ಅದು ಏನೂ ಮಾಡುವುದಿಲ್ಲ.

ನಷ್ಟವೂ ಇದೆ. ಮೂರು ಸಲ ಬಂದರೂ ಬಾಯಿ ತೆರೆಯದ ಮಗುವನ್ನು ಅಪ್ಪ ಬೇರೆಲ್ಲೋ ಕರೆದುಕೊಂಡು ಹೋಗಿ "ಅಲ್ಲಿ ಐದೇ ನಿಮಿಷಕ್ಕೆ ಕಿತ್ತರು" ಅಂತ ಫೋನ್ ಮಾಡಿ ಹೇಳಿದ್ದುಂಟು. ಅವರಿಗೆ ಏನು ಹೇಳಲಿ? ಬಸ್ ಚಾರ್ಜು ಅವರದು.

ಆ ಹುಡುಗನ ಕಥೆ ಬಾಕಿ ಇದೆ. ಅವತ್ತು ಊತಕ್ಕೆ ಮಾತ್ರೆ ಬರೆದುಕೊಟ್ಟೆ. ಜ್ವರ ಏರಿದರೆ, ನುಂಗಲು ಕಷ್ಟವಾದರೆ, ಊತ ಗದ್ದದ ಕೆಳಗೆ ಇಳಿದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಓಡಿ ಅಂತ ಎರಡು ಸಲ ಹೇಳಿ ಕಳಿಸಿದೆ. ಎರಡು ದಿನಕ್ಕೆ ಊತ ಇಳಿಯಿತು. ಎರಡನೇ ಭೇಟಿಯಲ್ಲಿ ಕುರ್ಚಿಯಲ್ಲಿ ಕೂತ, ಕಾಲು ಮಾತ್ರ ನೆಲದ ಮೇಲೇ ಇತ್ತು. ಮೂರನೇ ಸಲ ಸೂಜಿ ಹಾಕಿಸಿಕೊಂಡ. ಐದು ನಿಮಿಷ ಬಿಟ್ಟು ಕೇಳಿದೆ, ಜೋಮು ಬಂತಾ?

"ಇಲ್ಲ."

ಕಾದೆವು. ಅಸಿಸ್ಟೆಂಟ್ ಗಡಿಯಾರ ನೋಡಿದಳು, ಹೊರಗೆ ಇನ್ನೂ ಆರು ಜನ. ಅವನು ತುಟಿಯನ್ನು ಬೆರಳಲ್ಲಿ ಜಿಗುಟಿ ಜಿಗುಟಿ ನೋಡಿಕೊಳ್ಳುತ್ತಿದ್ದ. ಇನ್ನರ್ಧ ಡೋಸ್ ಕೊಟ್ಟೆ. ಮತ್ತೆ ಕಾದೆವು.

"ಹೂಂ, ಈಗ" ಅಂದ. ಅಷ್ಟು ಹೇಳಿ ಕಾಲು ಎತ್ತಿ ಮೇಲಿಟ್ಟ.