ಸ್ಮಾರ್ಟ್ ಸ್ವಿಚ್ ತಾನಾಗಿಯೇ ಆಫ್ ಆಗುತ್ತಿದೆಯಾ?

ಕೂಡಲೇ ಹೊಸ ಸ್ವಿಚ್ ತರಬೇಡಿ. ಮೊದಲು ಆ್ಯಪ್‌ನಲ್ಲಿ ಅದರ ಹಿಸ್ಟರಿ ನೋಡಿ. ಲೈಟ್ ಆರಿದ ಹೊತ್ತಿಗೆ ಅಲ್ಲಿ 'ಆಫ್' ಎಂದು ಬಿದ್ದಿದ್ದರೆ ಅದು ಯಾವುದೋ ಹಳೆಯ ಟೈಮರ್, ಶೆಡ್ಯೂಲ್ ಅಥವಾ ಮನೆಯವರ ಇನ್ನೊಂದು ಫೋನಿನ ಕೆಲಸ ಇರಬಹುದು. ವಾಯ್ಸ್ ಅಸಿಸ್ಟೆಂಟ್ ಆ್ಯಪ್‌ನಲ್ಲಿ ಬೇರೆ ರೂಟೀನ್ (ತಾನಾಗಿ ನಡೆಯುವಂತೆ ಇಟ್ಟ ಕೆಲಸ) ಇರಬಹುದು, ಅದನ್ನೂ ತೆರೆದು ನೋಡಿ. ಸುಮ್ನೆ ವೈಫೈಗೆ ಬೈಯಬೇಡಿ. ವೈಫೈ ಹೋದರೆ ಸಾಮಾನ್ಯವಾಗಿ ಆ್ಯಪ್ ಕೈಕೊಡುತ್ತದೆ, ಉರಿಯುವ ಲೈಟ್ ಆರುವುದಿಲ್ಲ.

ನಮ್ಮ ಮಂಗಳೂರಿನ ಮಳೆಗಾಲದಲ್ಲಿ ನನಗೆ ಹೆಚ್ಚು ಅನುಮಾನ ಕರೆಂಟಿನ ಮೇಲೆಯೇ. ಕಣ್ಣು ಮಿಟುಕಿಸಿದಂತೆ ಹೋಗಿ ಬರುತ್ತದೆ ಅಲ್ವಾ? ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲೂ ಸ್ವಿಚ್ ರೀಸ್ಟಾರ್ಟ್ ಆಗಬಹುದು. ಎಷ್ಟೋ ಸ್ವಿಚ್‌ಗಳು ಕರೆಂಟ್ ಮರಳಿದಾಗ ಆಫ್ ಆಗಿಯೇ ಉಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಪವರ್ ಆನ್ ಸ್ಟೇಟ್' ಅಥವಾ 'ರಿಲೇ ಸ್ಟೇಟಸ್' ಎಂದಿದ್ದರೆ ಮೊದಲಿನ ಸ್ಥಿತಿಗೇ ಬರುವಂತೆ ಇಡಿ.

ನ್ಯೂಟ್ರಲ್ ವಯರ್ ಬೇಡದ ಸ್ವಿಚ್‌ಗೆ 5 ವ್ಯಾಟ್‌ನ ಒಂದೇ ಎಲ್‌ಇಡಿ ಬಲ್ಬ್ ಹಾಕಿದ್ದೀರಾ? ಲೋಡ್ (ಬಲ್ಬ್ ಎಳೆಯುವ ಕರೆಂಟ್) ಸಾಲದೆ ಮಿನುಗಬಹುದು, ಆರಲೂಬಹುದು. ಸ್ವಿಚ್ ಜೊತೆಗೆ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗ ಬಂದಿದ್ದರೆ ಅದನ್ನು ಬಲ್ಬಿನ ಕಡೆ ಹಾಕಿಸಿ.

ಬೋರ್ಡ್ ಬಿಸಿಯಾಗುತ್ತಿದ್ದರೆ, ಚಟಪಟ ಸದ್ದು ಬಂದರೆ ಆ್ಯಪ್ ಬದಿಗಿಡಿ. ವಯರ್ ಸಡಿಲವಾಗಿರಬಹುದು. ಮೈನ್ ಆಫ್ ಮಾಡಿ, ಇಲೆಕ್ಟ್ರಿಷಿಯನ್‌ನ ಕರೆಸಿ.